ಸನೋಬರನ ಹೆಸರು ಹೇಳಿದ ವಕೀಲ

ಸ್ಪೀನ್‌ಖ್ವಾರ್ ಕಣಿವೆಯಲ್ಲಿ ಯಾರನ್ನು ನಿಲ್ಲಿಸಿ ವಕೀಲರ ಮನೆ ಯಾವುದೆಂದು ಕೇಳಿದರೂ ಜರ್ವಲಿ ಕಾಕಾನ ಮನೆಯನ್ನೇ ತೋರಿಸುತ್ತಿದ್ದರು. ಅವನು ಕಾಬೂಲಿನ ಸಂಸತ್ತಿನಲ್ಲಿ ಕೂತದ್ದು ಒಂದೇ ಒಂದು ಅವಧಿ. ಮುಂದಿನ ಸಲ ಅವನನ್ನು ಸೋಲಿಸಿದ ಖಾನನಿಗೆ ಜೀಪಿತ್ತು, ಬಂದೂಕು ಹಿಡಿದ ಆಳುಗಳಿದ್ದರು, ಊರಿಗೆಲ್ಲ ಪುಲಾವ್ ಹಾಕುವ ಹಂಡೆಗಳಿದ್ದವು. ಆದರೂ ಅವನನ್ನು ಜನ ಖಾನ್ ಎಂದೇ ಕರೆದರು. ಕಣಿವೆಯ ಪರವಾಗಿ ಮಾತಾಡಲು ನಾವೇ ಆರಿಸಿ ಕಳಿಸಿದವನಿಗೆ ನಮ್ಮಲ್ಲಿ ವಕೀಲ್ ಎನ್ನುತ್ತಾರೆ, ಆ ಹೆಸರು ಜರ್ವಲಿಯ ಮೈಗೆ ಅಂಟಿದ್ದು ಅಂಟಿಯೇ ಉಳಿಯಿತು. ಬಾದಶಹರ ಕಾಲ ಮುಗಿಯಿತು, ಆ ಸಂಸತ್ತೂ ಹೋಯಿತು. ಹೆಸರನ್ನು ಮಾತ್ರ ಯಾರೂ ಕಿತ್ತುಕೊಳ್ಳಲಿಲ್ಲ.

ಹಾಗಂತ ಅವನು ದೊಡ್ಡ ಮನೆತನದಲ್ಲಿ ಹುಟ್ಟಿದವನೇನಲ್ಲ. ಅಪ್ಪ ಹೇಸರಗತ್ತೆ ಹೊಡೆಯುತ್ತಿದ್ದ, ಮಗನೂ ಅದನ್ನೇ ಹೊಡೆದ. ಮೇಲಿನ ಕಾಡಿನಲ್ಲಿ ಪೈನ್ ಮರಗಳ ಚಿಲ್ಗೋಜಾ ಬೀಜ ಬಿಡಿಸಿ ಮೂಟೆ ಕಟ್ಟಿ ಗರ್ದೇಜಿನ ಪೇಟೆಗೆ ಸಾಗಿಸುವುದು, ಬರುವಾಗ ಉಪ್ಪು, ಬೆಲ್ಲ, ಸೀಮೆಎಣ್ಣೆ ತರುವುದು. ದಾರಿಯಲ್ಲಿ ಸಿಗುವ ಹಳ್ಳಿಗಳಲ್ಲಿ ದಿನಕ್ಕೊಂದು ಜಗಳ. ನೀರಿನ ಜಗಳ, ಮೇವಿನ ಜಗಳ, ಹೆಣ್ಣಿನ ಜಗಳ, ಅಜ್ಜ ಬಿಟ್ಟುಹೋದ ಕೊಲೆಯ ಜಗಳ. ಹೇಸರಗತ್ತೆ ಕಟ್ಟಿ ಕೂತು ಕೇಳುತ್ತ ಕೇಳುತ್ತ ಜರ್ವಲಿ ಮಾತು ಕಲಿತ. ಮೂವತ್ತು ದಾಟುವ ಹೊತ್ತಿಗೆ ಎಲ್ಲಿ ಜಿರ್ಗಾ ಸೇರಿದರೂ ಅವನಿಗೆ ಕರೆ ಬರತೊಡಗಿತು. ದುಂಡಗೆ ನೆಲದ ಮೇಲೆ ಕೂರುವ ಆ ಪಂಚಾಯ್ತಿಯಲ್ಲಿ ಮೇಲು ಸ್ಥಾನ, ಕೀಳು ಸ್ಥಾನ ಇಲ್ಲ ನೋಡಿ, ಹೇಸರಗತ್ತೆಯವನೂ ಖಾನನ ಭುಜಕ್ಕೆ ಭುಜ ತಾಗಿಸಿ ಕೂರಬಹುದು.

ಉಳಿದ ಹಿರಿಯರು ಜಗಳಗಂಟರ ಮನೆಯಲ್ಲೇ ಉಂಡು ತೀರ್ಪು ಹೇಳುತ್ತಿದ್ದರು. ಜರ್ವಲಿ ತನ್ನ ರೊಟ್ಟಿಯನ್ನು ಶಾಲಿನ ತುದಿಗೆ ಕಟ್ಟಿಕೊಂಡು ಹೋಗುತ್ತಿದ್ದ. ಹೆಂಡತಿ ಸ್ಪೊಗ್ಮಯ್‌ಗೆ ಇದು ತಮಾಷೆಯೂ ಹೌದು, ಸಿಟ್ಟೂ ಹೌದು. "ಊರವರ ಜಗಳ ಬಿಡಿಸೋಕೆ ನನ್ನ ರೊಟ್ಟಿ ಬೇಕು. ನನ್ನ ನಿಮ್ಮ ಜಗಳ ಬಿಡಿಸೋಕೆ ಯಾರು ರೊಟ್ಟಿ ಕಟ್ಕೊಂಡು ಬರ್ತಾರೆ?" ಎಂದು ಅವಳು ಕೇಳಿದರೆ ಅವನು ಪೇಟ ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದ.

ಅವನ ಕೈಗುಣವೆಂದರೆ ನನವಾತೆ. ತಪ್ಪು ಮಾಡಿದವನು ಕುರಿಯೊಂದನ್ನು ಎಳೆದುಕೊಂಡು, ಬಿಳಿಗಡ್ಡದವರನ್ನು ಮುಂದಿಟ್ಟುಕೊಂಡು, ನೊಂದವನ ಹೊಸ್ತಿಲಿಗೆ ಬಂದು ತಲೆ ತಗ್ಗಿಸಿ ನಿಲ್ಲುತ್ತಾನಲ್ಲ, ಅದು. ಹಾಗೆ ಬಂದವನನ್ನು ಬರಿಗೈಯಲ್ಲಿ ಕಳಿಸಿದರೆ ಪಠಾಣನಿಗೆ ಮತ್ತೆ ಊರಲ್ಲಿ ಮುಖವಿಲ್ಲ. ಎಷ್ಟೋ ಮನೆಗಳ ಹೊಸ್ತಿಲಲ್ಲಿ ಜರ್ವಲಿ ನಿಂತು, ಕತ್ತಿ ಮಸೆಯುತ್ತಿದ್ದ ಗಂಡಸರ ಬಾಯಿಂದ "ಕ್ಷಮಿಸಿದೆ" ಎಂಬ ಮಾತನ್ನು ಹೊರಡಿಸಿದ್ದ. ಆ ಮಾತು ಒಮ್ಮೆ ಹೊರಬಿದ್ದರೆ ಮುಗಿಯಿತು, ಅದನ್ನು ಹಿಂದಕ್ಕೆ ತೆಗೆದುಕೊಂಡವನನ್ನು ಅವನು ನೋಡಿರಲಿಲ್ಲ.

ಹೀಗಿರುವಾಗ ಕಣಿವೆಗೆ ರಸ್ತೆ ಬಂತು. ಹಾಳಾದ ರಸ್ತೆ. ಆಗಿನ ಹಾಕಿಮ ವಲೀ ಜಾನ್ ಎಂಬವನು, ನಮ್ಮ ತಾಲೂಕಿಗೆ ಅವನೇ ದೊರೆ, ಮನೆಗೊಬ್ಬರಂತೆ ಗಂಡಸರನ್ನು ಬಿಟ್ಟಿ ದುಡಿಮೆಗೆ ಎಳೆದೊಯ್ದ. ಕೂಲಿ ಇಲ್ಲ, ಊಟವೂ ಅವರವರದೇ. ವಿಧವೆ ಬಖ್ತ್‌ಮೀನಾಳ ಮನೆಯಲ್ಲಿದ್ದ ಒಬ್ಬನೇ ಗಂಡಸು ಅವಳ ಮಗ ಸನೋಬರ್, ಇನ್ನೂ ಮೀಸೆ ಸರಿಯಾಗಿ ಮೂಡದವನು. ಅವನನ್ನೂ ಬಿಡಲಿಲ್ಲ. ಒಂದು ಮಧ್ಯಾಹ್ನ ಬಂಡೆಗೆ ಮದ್ದು ಇಟ್ಟು ಸಿಡಿಸಿದಾಗ ಅರ್ಧ ಗುಡ್ಡವೇ ಕಳಚಿ ಹೊಳೆಗೆ ಬಿತ್ತು, ಸನೋಬರ್ ಅದರ ಅಡಿಯಲ್ಲಿ ಉಳಿದುಬಿಟ್ಟ. ಕಲ್ಲು ಸರಿಸಲು ಹಾಕಿಮನಿಗೆ ಪುರುಸೊತ್ತಿರಲಿಲ್ಲ. ಬಿಟ್ಟಿಯಲ್ಲಿ ಸತ್ತ ಎಂದು ಮೇಲಕ್ಕೆ ತಿಳಿಸಿದರೆ ತನ್ನ ಕುರ್ಚಿಗೆ ಸಂಚಕಾರ. ಅದಕ್ಕೆ ಅವನು, ಹುಡುಗ ಸರ್ಕಾರದ ಹಾರೆ ಪಿಕಾಸಿ ಕದ್ದುಕೊಂಡು ಗಡಿ ದಾಟಿ ಓಡಿಹೋದ ಎಂದು ಡಂಗುರ ಸಾರಿಸಿದ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವರನ್ನು ಕರೆಸಿ, ಬಾಯಿ ಬಿಟ್ಟರೆ ಜೈಲು ಎಂದ. ಎಲ್ಲರ ಬಾಯಿಗೂ ಬೀಗ ಬಿತ್ತು.

ಸತ್ತವನಿಗಾದರೆ ಫಾತಿಹಾ ಉಂಟು. ಊರೆಲ್ಲ ಮೂರು ದಿನ ಬಂದು ಕೂತು, ಕೈಯೆತ್ತಿ ಪ್ರಾರ್ಥಿಸಿ, ಮನೆಯವರ ದುಃಖಕ್ಕೆ ಹೆಗಲು ಕೊಡುತ್ತದೆ. ಓಡಿಹೋದ ಕಳ್ಳನಿಗೆ ಅದೆಲ್ಲಿಯದು? ಬಖ್ತ್‌ಮೀನಾ ಅಂಗಳದಲ್ಲಿ ಚಾಪೆ ಹಾಸಿ ಕಾದಳು, ಒಬ್ಬನೂ ಬರಲಿಲ್ಲ. ಬಂದರೆ ಹಾಕಿಮನನ್ನು ಸುಳ್ಳ ಎಂದಂತೆ. ಮೂರನೆಯ ದಿನ ಅವಳೇ ಚಾಪೆ ಸುತ್ತಿಟ್ಟಳು. ಆಮೇಲೆ ನೀರಿಗೆ ಹೋದರೆ ಕಳ್ಳನ ತಾಯಿ ಎಂಬ ಪಿಸುಮಾತು, ಹಿಟ್ಟಿನ ಗಿರಣಿಗೆ ಹೋದರೆ ಅದೇ ಪಿಸುಮಾತು. ವಲೀ ಜಾನ್‌ಗೆ ಬಡ್ತಿ ಸಿಕ್ಕಿತು, ಕಾಬೂಲಿಗೆ ದೊಡ್ಡ ಅಧಿಕಾರಿಯಾಗಿ ಹೋದ.

ಕೆಲವು ವರ್ಷಗಳ ಮೇಲೆ ದೇಶಕ್ಕೆ ಹೊಸ ಸಂವಿಧಾನ ಬಂತು. ಇನ್ನು ಯಾರನ್ನೂ ಬಿಟ್ಟಿಗೆ ಹಿಡಿಯುವಂತಿಲ್ಲ ಎಂದಿತು, ಊರೂರಿನಿಂದ ವಕೀಲರನ್ನು ಆರಿಸಿ ಕಳಿಸಿ ಎಂದೂ ಹೇಳಿತು. ಖಾನ್ ಹಂಡೆ ಒಲೆಗೇರಿಸಿದ. ಜರ್ವಲಿಯನ್ನು ನಿಲ್ಲಿಸಿದವರು ಹಳ್ಳಿಯ ಹಿರಿಯರು. ಖಾನನ ಪುಲಾವನ್ನು ಎಲ್ಲರೂ ಉಂಡರು, ಜರ್ವಲಿಯ ಪರವಾಗಿ ಓಡಾಡುತ್ತಿದ್ದವರೂ ನಾಚಿಕೆಯಿಲ್ಲದೆ ಉಂಡರು, ಕೈ ಒರೆಸಿಕೊಂಡು ಹೋಗಿ ಜರ್ವಲಿಗೇ ಓಟು ಹಾಕಿದರು. ಆ ಸಂಜೆ ಕಣಿವೆ ಕುಣಿದ ಕುಣಿತ ನೋಡಬೇಕಿತ್ತು.

ಕಾಬೂಲಿಗೆ ಹೊರಡುವ ಮುಂಜಾನೆ ಅವನು ಮನೆಮನೆಗೆ ಹೋಗಿ ಬೀಳ್ಕೊಂಡ. ಎಲ್ಲರೂ ಏನೇನೋ ಬೇಡಿದರು, ಸೇತುವೆ, ಆಸ್ಪತ್ರೆ, ಅಳಿಯನಿಗೆ ನೌಕರಿ. ಬಖ್ತ್‌ಮೀನಾ ಬಾಗಿಲ ಹಿಂದೆ ನಿಂತು ಒಂದೇ ಮಾತು ಹೇಳಿದಳು.

"ತಮ್ಮಾ, ನನ್ನ ಮಗ ಓಡಿಹೋಗಲಿಲ್ಲ. ಅವನ ಹೆಸರು ಹೇಳಿ ಇದನ್ನ ಆ ದೊಡ್ಡ ಮನೇಲಿ ಹೇಳು. ಅಷ್ಟಾದ್ರೆ ನಾನು ಚಾಪೆ ಹಾಸ್ತೀನಿ."

"ಹೇಳ್ತೀನಿ ಅಕ್ಕಾ," ಎಂದ ಜರ್ವಲಿ.

ಹೇಳುವುದೇನೋ ಸುಲಭ, ಕೇಳಲು ಜನ ಇರಬೇಕಲ್ಲ. ಕಾಬೂಲಿನ ಆ ಸಂಸತ್ತು ಎಂಥದೆಂದರೆ, ಸಂಬಳದ ದಿನ ಕೂರಲು ಕುರ್ಚಿ ಸಾಲುತ್ತಿರಲಿಲ್ಲ, ಮಿಕ್ಕ ದಿನ ಸಭೆ ನಡೆಸಲು ಬೇಕಾದಷ್ಟು ತಲೆ ಸಿಗುತ್ತಿರಲಿಲ್ಲ. ಬಿಟ್ಟಿ ದುಡಿಮೆಯ ಬಗ್ಗೆ ಜರ್ವಲಿ ಕೊಟ್ಟ ಪ್ರಶ್ನೆ ಮತ್ತೆ ಮತ್ತೆ ಸರದಿಗೆ ಬಂತು, ಪ್ರತಿಸಲವೂ ಜನ ಸಾಲದೆ ಸಭೆ ಎದ್ದುಹೋಯಿತು. ಕೊನೆಗೆ ಅವನ ತಾಳ್ಮೆ ಕೆಟ್ಟಿತು. ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದ ತಾಶ್‌ಮುರಾದ್ ಎಂಬ ಉಜ್ಬೇಕ್ ವಕೀಲನನ್ನು ಜೊತೆಗೆ ಕಟ್ಟಿಕೊಂಡು ಬೀದಿಗಿಳಿದ. ಕಬಾಬಿನ ಅಂಗಡಿ, ಹಮಾಮು, ಗಾಳಿಪಟದ ಪೇಟೆ, ಎಲ್ಲಿ ವಕೀಲ ಸಿಕ್ಕಿದರೂ ತೋಳು ಹಿಡಿದು ಎಬ್ಬಿಸಿ, ಮುಂದಿನ ವಾರ ಬರುತ್ತೇನೆಂದು ಮಾತು ತೆಗೆದುಕೊಂಡ. ಹೇಸರಗತ್ತೆ ಹೊಡೆದ ಕೈ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹಮಾಮಿನಲ್ಲಿ ಮೈಗೆ ಸೋಪು ಹಚ್ಚಿಕೊಂಡೇ ಮಾತು ಕೊಟ್ಟವರಿದ್ದಾರೆ. ಈ ಸುದ್ದಿ ಊರೆಲ್ಲ ಹಬ್ಬಿ, ಸಭೆ ತುಂಬುವುದು ಖಾತ್ರಿ ಎಂದು ವಲೀ ಜಾನ್‌ನ ಕಿವಿಗೂ ಬಿತ್ತು.

ಶುಕ್ರವಾರ ನಮಾಜು ಮುಗಿಸಿ ಜರ್ವಲಿ ಕೋಣೆಗೆ ಮರಳಿ ಚಹಾಕ್ಕೆ ನೀರಿಟ್ಟಿದ್ದ. ಬಾಗಿಲಲ್ಲಿ ಸದ್ದಾಯಿತು. ನೋಡಿದರೆ ವಲೀ ಜಾನ್. ಸೂಟು ಬಿಟ್ಟು ನಮ್ಮವರ ಉಡುಪು ಉಟ್ಟಿದ್ದಾನೆ, ತಲೆಗೆ ಪೇಟವಿಲ್ಲ. ಮುಂದೆ ಮೂವರು ಬಿಳಿಗಡ್ಡದವರು, ಅವರಲ್ಲೊಬ್ಬರು ಸಂಸತ್ತಿನಲ್ಲಿ ಎಲ್ಲರೂ ಎದ್ದು ನಿಂತು ಗೌರವಿಸುವ ಹಾಜಿ ಸಾಹೇಬರು. ಹಿಂದೆ ಕೊಬ್ಬಿದ ಬಾಲದ ಕುರಿ.

"ವಕೀಲ್ ಸಾಹೇಬ್, ಆ ರಸ್ತೆ ವಿಷಯದಲ್ಲಿ ನನ್ನಿಂದ ತಪ್ಪಾಯ್ತು. ನಿಮ್ಮ ಹೊಸ್ತಿಲಿಗೆ ಬಂದಿದ್ದೀನಿ," ಎಂದು ವಲೀ ಜಾನ್ ತಲೆ ತಗ್ಗಿಸಿದ.

ಜರ್ವಲಿಯ ಇಡೀ ಆಯುಸ್ಸು ಇಂಥ ಹೊಸ್ತಿಲುಗಳ ಮೇಲೇ ಕಳೆದಿತ್ತು. ತಗ್ಗಿದ ತಲೆ ಕಂಡೊಡನೆ ಏನು ಹೇಳಬೇಕೆಂಬುದು ಅವನ ನಾಲಿಗೆಗೆ ಗೊತ್ತಿತ್ತು, ಯೋಚನೆ ಮಾಡುವುದಕ್ಕೂ ಮೊದಲೇ ಅದು ಹೇಳಿಬಿಟ್ಟಿತು.

"ಕ್ಷಮಿಸಿದೆ," ಎಂದ.

ಬಿಳಿಗಡ್ಡದವರು ಕೈಯೆತ್ತಿ ದುವಾ ಓದಿದರು. ಕುರಿಯನ್ನು ಅಲ್ಲೇ ಕೊಯ್ದರು. ವಲೀ ಜಾನ್ ಅವನನ್ನು ಅಪ್ಪಿಕೊಂಡು, ಇನ್ನು ಆ ಪ್ರಶ್ನೆಯ ಮಾತು ಮುಗಿಯಿತಲ್ಲ ಎಂದು ನಗುತ್ತ ಹೊರಟುಹೋದ. ಅವನ ಬೆನ್ನು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಜರ್ವಲಿಗೆ ತಾನೇನು ಮಾಡಿದೆನೆಂದು ಅರಿವಾಯಿತು. ಗೋಡೆಗೆ ಒರಗಿ ಕೂತ.

ಇದನ್ನೆಲ್ಲ ಮೂಲೆಯಲ್ಲಿ ಕೂತು ನೋಡುತ್ತಿದ್ದ ತಾಶ್‌ಮುರಾದನಿಗೆ ತಲೆಬುಡ ತಿಳಿಯಲಿಲ್ಲ. ಕುರಿ ತಂದರೆ ತಿಂದು, ಪ್ರಶ್ನೆ ಕೇಳಿದರಾಯಿತು, ಅದಕ್ಕೇನಂತೆ ಎಂದ. ಕೊಟ್ಟ ಕ್ಷಮೆಯನ್ನು ನುಂಗಿದರೆ ನಮ್ಮ ಕಣಿವೆಯವರು ಏಳು ತಲೆಮಾರು ತಲೆ ಎತ್ತುವಂತಿಲ್ಲ ಎಂದು ಜರ್ವಲಿ ಹೇಳಿದ.

"ಹಂಗಾದ್ರೆ ಪ್ರಶ್ನೆ ಕೇಳ್ಬೇಡ."

"ಕೇಳದಿದ್ರೆ ಸನೋಬರನ ತಾಯಿಗೆ ಏನು ಹೇಳಲಿ?"

ಆ ಮಾಂಸದ ಒಂದು ಚೂರನ್ನೂ ಜರ್ವಲಿ ಬಾಯಿಗಿಡಲಿಲ್ಲ. ಮನೆ ಮಾಲೀಕ ಖುಷಿಯಿಂದ ಪಾತ್ರೆ ಹಿಡಿದು ಬಂದ.

ಮರುದಿನ ಬೆಳಿಗ್ಗೆಯೇ ಜರ್ವಲಿ ಬಸ್ಸು ಹತ್ತಿದ. ಗರ್ದೇಜಿನಲ್ಲಿ ಇಳಿದು ಪೇಟೆಯಲ್ಲಿ ಒಂದು ಕುರಿ ಕೊಂಡ, ಅದನ್ನು ಎಳೆದುಕೊಂಡು ಕಣಿವೆಯ ದಾರಿ ಹಿಡಿದ. ದಾರಿಯುದ್ದಕ್ಕೂ ಜನ ಸಲಾಂ ಹೇಳಿ ಕುರಿಯನ್ನು ನೋಡಿ ಕಣ್ಣರಳಿಸಿದರು. ರಾಜಧಾನಿಯ ವಕೀಲ ಯಾರ ಬಾಗಿಲಿಗೆ ಕುರಿ ಒಯ್ಯುತ್ತಿದ್ದಾನೆ? ಅವನು ಯಾರಿಗೂ ಹೇಳಲಿಲ್ಲ. ತನ್ನ ಮನೆಯ ಮುಂದೆಯೇ ಹಾದುಹೋದ, ಒಳಗೆ ಹೋಗಲಿಲ್ಲ. ಸ್ಪೊಗ್ಮಯ್ ಗೋಡೆಯ ಮೇಲಿಂದ ಇಣುಕಿ ನೋಡಿ, ಗಂಡನ ಮುಖ ಕಂಡು, ಬಾಯಿಗೆ ಬಂದಿದ್ದ ಕುಚೋದ್ಯವನ್ನು ನುಂಗಿಕೊಂಡಳು.

ಬಖ್ತ್‌ಮೀನಾ ಅಂಗಳದಲ್ಲಿ ತೊಗಲಿನ ಚೀಲ ತೂಗುತ್ತ ಮಜ್ಜಿಗೆ ಕಡೆಯುತ್ತಿದ್ದಳು. ಜರ್ವಲಿ ಹೊಸ್ತಿಲಾಚೆ ನಿಂತು, ಪೇಟ ಬಿಚ್ಚಿ ನೆಲದ ಮೇಲಿಟ್ಟ.

"ತಪ್ಪು ಮಾಡಿ ಬಂದಿದ್ದೀನಿ, ಅಕ್ಕಾ."

"ಮೊದಲು ಪೇಟ ಸುತ್ಕೋ," ಎಂದಳು ಅವಳು, "ಬೋಳು ತಲೆ ನೋಡ್ಕೊಂಡು ಮಾತಾಡೋಕಾಗಲ್ಲ ನಂಗೆ."

ಅವನು ಸುತ್ತಿಕೊಳ್ಳಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದ. ನೊಂದವಳು ಅವಳು, ಕ್ಷಮೆ ಅವಳದು, ಅದನ್ನು ತಾನು ತನ್ನದೆಂಬಂತೆ ಎತ್ತಿ ಕೊಟ್ಟುಬಿಟ್ಟೆ ಎಂದ. ಅವಳ ಕೈ ಚೀಲದ ಮೇಲೆ ನಿಂತಿತು. ಮಗ ಹೋದಂದಿನಿಂದ ಅವಳು ಯಾರ ಎದುರೂ ಅತ್ತಿರಲಿಲ್ಲ, ಆಗಲೂ ಅಳಲಿಲ್ಲ.

"ಅವನು ಕುರಿ ತಗೊಂಡು ಇಲ್ಲಿಗೆ ಯಾಕೆ ಬರಲಿಲ್ಲ?" ಎಂದು ಕೊನೆಗೆ ಕೇಳಿದಳು.

"ನನ್ನ ಬಾಗಿಲು ಹತ್ತಿರ ಇತ್ತು."

"ಅದಲ್ಲ. ಇಲ್ಲಿಗೆ ಬಂದ್ರೆ ಸನೋಬರ್ ಸತ್ತ ಅಂತ ಒಪ್ಕೊಂಡ ಹಾಗೆ. ಓಡಿಹೋದವನ ತಾಯಿ ಮುಂದೆ ಯಾರು ತಲೆ ತಗ್ಗಿಸ್ತಾರೆ?" ಎಂದಳು. ಮತ್ತೆ ಸ್ವಲ್ಪ ಯೋಚಿಸಿ, ನಿಧಾನವಾಗಿ ಹೇಳಿದಳು. "ಆದ್ರೆ ನಿನ್ನ ಮುಂದೆ ತಗ್ಗಿಸಿದ್ದಾನೆ. ಮೂರು ಜನ ಬಿಳಿಗಡ್ಡದವರು ನೋಡಿದ್ದಾರೆ. ಯಾಕೆ ತಗ್ಗಿಸಿದ ಅಂತ ಕೇಳು."

ಜರ್ವಲಿ ತಲೆ ಎತ್ತಿದ.

"ನೀನು ಕೊಟ್ಟಿದ್ದು ಕೊಟ್ಟೆ. ಅದನ್ನ ವಾಪಸ್ ತಗೋಬೇಡ, ಕಣಿವೆ ಮರ್ಯಾದೆ ಹೋಗುತ್ತೆ. ಆದ್ರೆ ನಾನು ಕೊಟ್ಟಿಲ್ಲ. ನನ್ನ ಮಾತು ನಿನ್ನ ಬಾಯಲ್ಲಿದೆ, ಅದನ್ನ ಹೇಳು ಹೋಗು."

"ಮತ್ತೆ ನನ್ನ ತಪ್ಪು?"

"ನಿನ್ನನ್ನ ಕ್ಷಮಿಸಿದೆ. ಕುರಿ ಕೊಯ್ಬೇಡ, ಆ ಕಂಬಕ್ಕೆ ಕಟ್ಟು. ಫಾತಿಹಾಕ್ಕೆ ಬೇಕಾಗುತ್ತೆ."

ಪ್ರಶ್ನೆ ಸರದಿಗೆ ಬಂದ ದಿನ ಕಾಬೂಲಿನಲ್ಲಿ ಸಭೆ ಕಿಕ್ಕಿರಿದಿತ್ತು. ಹಮಾಮಿನಲ್ಲಿ ಮಾತು ಕೊಟ್ಟವರೂ ಬಂದಿದ್ದರು. ದೊಡ್ಡ ಚರ್ಚೆಯೆಂದು ರೇಡಿಯೋದವರು ಮೈಕು ತಂದಿಟ್ಟಿದ್ದರು, ಸ್ಪೀನ್‌ಖ್ವಾರಿನ ಚಹಾದಂಗಡಿಯಲ್ಲಿ ಬ್ಯಾಟರಿ ರೇಡಿಯೋದ ಸುತ್ತ ಊರೇ ಕೂತಿತ್ತು. ಅಧಿಕಾರಿಗಳ ಸಾಲಿನಲ್ಲಿ ವಲೀ ಜಾನ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಜರ್ವಲಿಯ ಹೆಸರು ಕರೆದಾಗಲೂ ಅವನ ಮುಖದ ನಗು ಮಾಸಲಿಲ್ಲ.

ಜರ್ವಲಿ ಎದ್ದು ನಮ್ಮ ಪಶ್ತೋ ಭಾಷೆಯಲ್ಲೇ ಮಾತಾಡಿದ.

"ವಲೀ ಜಾನ್ ಸಾಹೇಬರು ನನ್ನ ಹೊಸ್ತಿಲಿಗೆ ಬಂದಿದ್ರು. ನಾನು ಕ್ಷಮಿಸಿದ್ದೀನಿ. ಜರ್ವಲಿಗೆ ಅವರ ಮೇಲೆ ಏನೂ ಇಲ್ಲ, ಜರ್ವಲಿ ಕೂತ ಅಂತಲೇ ತಿಳ್ಕೊಳ್ಳಿ. ಈಗ ನಿಂತು ಮಾತಾಡ್ತಿರೋದು ಸನೋಬರನ ತಾಯಿ. ಗುಲ್‌ದಾದನ ಮಗ ಸನೋಬರ್, ಸ್ಪೀನ್‌ಖ್ವಾರಿನವನು, ಹಾರೆ ಪಿಕಾಸಿ ಕದ್ದು ಓಡಿಹೋದ ಅಂತ ನೀವು ಸಾರಿಸಿದ್ರಿ. ಅವಳು ಕೇಳ್ತಾಳೆ, ಯಾರೂ ಸಾಯದಿದ್ರೆ ನೀವು ಕುರಿ ಯಾಕೆ ತಂದ್ರಿ?"

ಪಠಾಣ ವಕೀಲರೆಲ್ಲ ಒಟ್ಟಿಗೆ ತಿರುಗಿ ವಲೀ ಜಾನ್‌ನ ಕಡೆ ನೋಡಿದರು. ಪಶ್ತೋ ಅರ್ಥವಾಗದ ಉತ್ತರ ಸೀಮೆಯವರ ಕಿವಿಯಲ್ಲಿ ತಾಶ್‌ಮುರಾದ್ ಪಿಸುಗುಟ್ಟುತ್ತ ಹೋದ, ಅವರೂ ತಿರುಗಿದರು. ವಲೀ ಜಾನ್ ಎದ್ದು, ಅಂಥದೇನೂ ಆಗಿಲ್ಲ, ಸುಮ್ಮನೆ ಸ್ನೇಹಕ್ಕೆ ಹೋಗಿದ್ದೆ ಎಂದು ಶುರುಮಾಡಿದ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಹಾಜಿ ಸಾಹೇಬರು ಕೋಲೂರಿ ಎದ್ದರು. ಸ್ನೇಹಕ್ಕೆ ಪೇಟ ತೆಗೆದು ಯಾರೂ ಹೋಗುವುದಿಲ್ಲ ಎಂದರು. ತಾನೂ ಜೊತೆಗಿದ್ದೆ, ನನವಾತೆ ಎಂದು ಕರೆದದ್ದಕ್ಕೇ ಬಂದೆ, ಈಗ ಅದನ್ನು ಅಲ್ಲವೆಂದರೆ ತನ್ನ ಬಿಳಿಗಡ್ಡಕ್ಕೆ ಮಸಿ ಬಳಿದಂತೆ ಎಂದರು. ಅಷ್ಟು ಹೇಳಿ ಕೂತರು.

ವಲೀ ಜಾನ್‌ಗೆ ಓಡಲು ದಾರಿಯಿರಲಿಲ್ಲ. ಸುಳ್ಳು ಹೇಳುವುದು ಅವನಿಗೆ ನೀರು ಕುಡಿದಷ್ಟು ಸಲೀಸು, ಆದರೆ ಇಡೀ ದೇಶ ಕೇಳುತ್ತಿರುವಾಗ ತಾನೇ ಮಾಡಿದ ನನವಾತೆಯನ್ನು ಅಲ್ಲಗಳೆಯಲು ಅವನಂಥವನಿಗೂ ನಾಲಿಗೆ ಏಳಲಿಲ್ಲ.

"ಬಂಡೆ ಬಿತ್ತು," ಎಂದ, ನೆಲ ನೋಡುತ್ತ. "ಆ ಹುಡುಗ ಅದರ ಅಡಿಗೆ ಸಿಕ್ಕಿ ಸತ್ತ. ಅವನು ಏನೂ ಕದ್ದಿರಲಿಲ್ಲ."

ಮುಂದೆ ವಿಚಾರಣೆ ಎಂದರು, ವಲೀ ಜಾನ್‌ನನ್ನು ಆ ಜಾಗದಿಂದ ಎತ್ತಿ ಇನ್ನೆಲ್ಲಿಗೋ ಹಾಕಿದರು, ಬಿಟ್ಟಿಗೆ ಹಿಡಿದ ಹಾಕಿಮರಿಗೆಲ್ಲ ಕಾಗದ ಹೋಯಿತಂತೆ. ಜರ್ವಲಿ ಅದಕ್ಕೆಲ್ಲ ನಿಲ್ಲಲಿಲ್ಲ. ಸಿಕ್ಕ ಮೊದಲ ಬಸ್ಸು ಹಿಡಿದು ಊರಿಗೆ ಬಂದ.

ಬರುವಷ್ಟರಲ್ಲಿ ಬಖ್ತ್‌ಮೀನಾ ಚಾಪೆ ಹಾಸಿಯಾಗಿತ್ತು. ಕಣಿವೆಯ ಮೇಲ್ತುದಿಯಿಂದ ಕೆಳತುದಿಯವರೆಗೆ ಜನ ಅವಳ ಮನೆಯ ಕಡೆ ನಡೆದಿದ್ದರು. ಹೆಂಗಸರು ಒಳಗೆ, ಗಂಡಸರು ಅಂಗಳದಲ್ಲಿ, ಅಂಗಳ ಸಾಲದೆ ಹಾದಿಯ ಮೇಲೆ. ಅಂದು ಬಾಯಿಗೆ ಬೀಗ ಹಾಕಿಕೊಂಡಿದ್ದವರೂ ಬಂದಿದ್ದರು. ಹಂಡೆ ಇಳಿಸಲು ಯಾರೂ ಕರೆಯದೆ ಖಾನನ ಆಳುಗಳೂ ಬಂದಿದ್ದರು. ಜರ್ವಲಿ ಚಪ್ಪಲಿ ಬಿಟ್ಟು, ಬಾಗಿಲ ಹತ್ತಿರ, ಬಂದವರ ಸಾಲಿನ ಕೊನೆಯಲ್ಲಿ, ಜಾಗ ಸಿಕ್ಕಿದಲ್ಲಿ ಕೂತ. ಎದುರು ಗೋಡೆಯ ಬದಿಯದು ಸತ್ತವನ ತಂದೆ, ಅಣ್ಣತಮ್ಮಂದಿರು, ಸೋದರಮಾವಂದಿರು ಕೂತು ಬಂದವರ ಕೈ ಹಿಡಿದು ಸಾಂತ್ವನ ಪಡೆಯಬೇಕಾದ ಜಾಗ. ಆ ಮನೆಯಲ್ಲಿ ಗಂಡು ದಿಕ್ಕೇ ಇರಲಿಲ್ಲ. ದಿಂಬು ಮಾತ್ರ ಇಟ್ಟಿದ್ದರು. ಜನ ಆ ಖಾಲಿ ದಿಂಬಿನ ಕಡೆ ಮುಖ ಮಾಡಿ ಕೈಯೆತ್ತಿ ಪ್ರಾರ್ಥಿಸಿ ಎದ್ದುಹೋಗುತ್ತಿದ್ದರು.

ಒಳಬಾಗಿಲ ಪರದೆಯ ಹಿಂದಿನಿಂದ ಬಖ್ತ್‌ಮೀನಾಳ ಧ್ವನಿ ಬಂತು.

"ಜರ್ವಲಿ, ಅಲ್ಲಿ ಯಾಕೆ ಕೂತೆ? ನೀನು ಬಂದವರಲ್ಲಿ ಒಬ್ಬನಲ್ಲ. ಏಳು, ಆ ಕಡೆ ಕೂತ್ಕೋ."

ಜರ್ವಲಿ ಎದ್ದ. ಅಂಗಳ ದಾಟಿದ. ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತ. ಮೊದಲು ಎದ್ದು ಬಂದವನು ದೌಲತ್, ಬಂಡೆ ಬಿದ್ದ ದಿನ ಸನೋಬರನ ಪಕ್ಕದಲ್ಲಿ ಹಾರೆ ಹಿಡಿದು ನಿಂತಿದ್ದವನು. ಅವನು ಮೊಣಕಾಲೂರಿ, ಜರ್ವಲಿಯ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಹುಡುಗನಿಗೆ ದೇವರು ಸ್ವರ್ಗ ಕೊಡಲಿ," ಎಂದ.

"ನಮ್ಮ ಹುಡುಗ ಒಳ್ಳೆಯವನಾಗಿದ್ದ," ಎಂದ ಜರ್ವಲಿ.

ಪರದೆಯ ಹಿಂದೆ ಬಖ್ತ್‌ಮೀನಾ, ಎಲ್ಲರಿಗೂ ಕೇಳುವಂತೆ, ಮಗನ ಹೆಸರು ಹಿಡಿದು ಅಳಲು ಶುರುಮಾಡಿದಳು.